ಹಿಂದಕ್ಕೆ ಮಾತ್ರ ಓಡಿದ ಕಾರು

ವಿವರಿಸಲಾಗದ ಸಂಗತಿ ಎಂಬುದೊಂದು ಇದೆ ಎಂದು ನಾನು ಬಹಳ ವರ್ಷ ಒಪ್ಪಿರಲಿಲ್ಲ. ಯಾರಾದರೂ ಅಂಥದ್ದನ್ನು ಹೇಳತೊಡಗಿದರೆ ಗಡಿಯಾರ ನೋಡಿಕೊಂಡು ಎದ್ದುಬಿಡುತ್ತಿದ್ದೆ. ಇದು ಜಂಬದ ಮಾತಲ್ಲ. ನಾನು ಕಲಿತ ಕಸುಬು ಅಂಥದ್ದು. ಮೀಸೆ ಸರಿಯಾಗಿ ಮೂಡುವ ಮೊದಲೇ ಸೈನ್ಯ ಸೇರಿ ವಾಹನ ದುರಸ್ತಿ ಕಲಿತವನು ನಾನು. ಎಂಜಿನ್ ಚಾಲೂ ಆಗದಿದ್ದರೆ ಮೊದಲು ಪ್ಲಗ್ಗಿನಲ್ಲಿ ಕಿಡಿ ಬರುತ್ತಿದೆಯೇ ನೋಡು, ಆಮೇಲೆ ಪೆಟ್ರೋಲ್ ಬರುತ್ತಿದೆಯೇ ನೋಡು, ಆಮೇಲೆ ಗಾಳಿ. ಈ ಕ್ರಮ ಬಿಟ್ಟವನು ದಿನವಿಡೀ ಬೋಲ್ಟು ಬಿಚ್ಚುತ್ತ ಕೂರುತ್ತಾನೆ. ದೋಷ ಇದೆ ಎಂದರೆ ಅದಕ್ಕೆ ಕಾರಣ ಇರಲೇಬೇಕು, ಕಾರಣ ಸಿಗಲಿಲ್ಲ ಎಂದರೆ ನೀನು ಹುಡುಕಿದ್ದು ಸಾಲದು. ನಮಗೆ ಕಲಿಸಿದವರು ಬೈದು ಬೈದು ತಲೆಯಲ್ಲಿ ಕೂರಿಸಿದ್ದು ಇಷ್ಟನ್ನೇ.

ಸೈನ್ಯದಿಂದ ಬಿಡುಗಡೆಯಾದ ಮೇಲೆ ಜಯನಗರದ ಏಳನೇ ಬ್ಲಾಕಿನಲ್ಲಿ ಮನೆಯ ಪಕ್ಕಕ್ಕೇ ಶೆಡ್ಡು ಹಾಕಿ ಕಾರು ರಿಪೇರಿಗೆ ಕೂತೆ. ಗೋಡೆಯ ಹಲಗೆಯ ಮೇಲೆ ಪ್ರತಿಯೊಂದು ಸ್ಪ್ಯಾನರಿನ ಆಕಾರವನ್ನು ಬಣ್ಣದಲ್ಲಿ ಬರೆದಿಟ್ಟಿದ್ದೆ. ಸಂಜೆ ಒಂದು ಆಕಾರ ಖಾಲಿ ಕಂಡರೆ ಆ ಸ್ಪ್ಯಾನರು ಸಿಗುವ ತನಕ ಯಾರೂ ಮನೆಗೆ ಹೋಗುವಂತಿರಲಿಲ್ಲ. ನನ್ನ ಕೈಕೆಳಗಿನ ಮೆಕ್ಯಾನಿಕ್ಕುಗಳು ಒಂದು ಮಾತನ್ನು ಮಾತ್ರ ಆಡಕೂಡದಾಗಿತ್ತು, ‘ಗೊತ್ತಿಲ್ಲ’ ಎಂಬ ಮಾತು. ‘ನೋಡಿ ಹೇಳ್ತೀನಿ ಸಾರ್’ ಎನ್ನಬೇಕು, ನೋಡಬೇಕು, ಹೇಳಬೇಕು.

ರಿಪೇರಿಯಾದ ಕಾರನ್ನು ನಾನೇ ಓಡಿಸಿ ನೋಡುತ್ತಿದ್ದೆ. ಅದಕ್ಕೂ ಒಂದೇ ದಾರಿ. ಗೇಟಿನಿಂದ ಎಡಕ್ಕೆ ಹೊರಟು, ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಸುತ್ತಿ, ಮರಗಳ ರಸ್ತೆಯಲ್ಲಿ ವಾಪಸ್ಸು ಬರುವುದು. ಅದರ ಏರು ತಗ್ಗು, ಗುಂಡಿ, ತಿರುವು ಎಲ್ಲ ನನಗೆ ಬಾಯಿಪಾಠ. ರಸ್ತೆ ಬದಲಾಗದಿದ್ದರೆ ಕಾರಿನಲ್ಲಿ ಆದ ಬದಲಾವಣೆ ತಟ್ಟನೆ ತಿಳಿಯುತ್ತದೆ. ಗೇಟಿನಿಂದ ಬಲಕ್ಕೆ ನಾನು ತಿರುಗುತ್ತಲೇ ಇರಲಿಲ್ಲ. ಆ ಕಡೆ ಖಾಲಿ ಸೈಟುಗಳು, ಕಾಂಗ್ರೆಸ್ ಗಿಡದ ಪೊದೆಗಳು, ಅಲ್ಲೊಂದು ಇಲ್ಲೊಂದು ಹೊಸ ಮನೆ, ಕಿತ್ತುಹೋದ ಡಾಂಬರು. ಅದು ಬನಶಂಕರಿ ಕಡೆಯ ಮುಖ್ಯರಸ್ತೆಗೆ ಹೋಗಿ ಸೇರುತ್ತದೆ ಎಂದು ಗೊತ್ತಿತ್ತು, ಅಷ್ಟೇ.

ಬನಶಂಕರಿ ಎಂದಾಗ ನನ್ನ ಹೆಂಡತಿ ಪದ್ಮಳ ವಿಷಯ ಹೇಳಬೇಕು. ಅಲ್ಲಿಯ ಅಮ್ಮನಿಗೆ ರಾಹುಕಾಲದಲ್ಲೇ ನಿಂಬೆಹಣ್ಣಿನ ಸಿಪ್ಪೆಯಲ್ಲಿ ದೀಪ ಹಚ್ಚುವುದು ರೂಢಿ. ಪದ್ಮ ಒಂದು ಮಂಗಳವಾರವನ್ನೂ ತಪ್ಪಿಸಿದವಳಲ್ಲ. ಎಷ್ಟೋ ಸಲ ನಾನೇ ಸ್ಕೂಟರಿನಲ್ಲಿ ಬಿಟ್ಟು ಹೂವಿನಂಗಡಿಯ ಹತ್ತಿರ ಕಾಯುತ್ತಿದ್ದೆ.

“ಊರಿಗೆಲ್ಲ ಆಗದ ಹೊತ್ತೇ ನಿನಗೆ ಒಳ್ಳೇ ಹೊತ್ತಾ?” ಎಂದು ಕೆಣಕುತ್ತಿದ್ದೆ.

“ಊರಿಗೆಲ್ಲ ಬೇಡವಾದ ಗಾಡಿ ತಾನೇ ನಿಮ್ಮ ಶೆಡ್ಡಿಗೆ ಬರೋದು?” ಎಂದು ಅವಳು ಬಾಯಿ ಮುಚ್ಚಿಸುತ್ತಿದ್ದಳು.

ನಾನು ಹೇಳಬೇಕೆಂದಿರುವುದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಡೆದದ್ದು. ವಿದೇಶದಲ್ಲಿ ಬಹುಕಾಲ ಕೆಲಸ ಮಾಡಿ ಜೆ.ಪಿ. ನಗರದಲ್ಲಿ ನೆಲೆಸಿದ್ದ ಎಂಜಿನಿಯರೊಬ್ಬರು ಬರುವಾಗ ತಮ್ಮ ಕಾರನ್ನೂ ಹಡಗಿನಲ್ಲಿ ತಂದಿದ್ದರು. ನಮ್ಮ ವರಾಂಡದಷ್ಟು ಉದ್ದದ ಕಾರು, ಆಟೋಮ್ಯಾಟಿಕ್ ಗೇರು. ಆಗ ಬೆಂಗಳೂರಿನಲ್ಲಿ ಅಂಥ ಕಾರುಗಳು ಬಹಳ ಅಪರೂಪ. ಕಾಲಿಗೆ ಕ್ಲಚ್ಚಿಲ್ಲ. ಲಿವರನ್ನು ‘ಡಿ’ಗೆ ಎಳೆದರೆ ಮುಂದಕ್ಕೆ, ‘ಆರ್’ಗೆ ಎಳೆದರೆ ಹಿಂದಕ್ಕೆ, ಉಳಿದದ್ದನ್ನೆಲ್ಲ ಗೇರ್‌ಬಾಕ್ಸೇ ನೋಡಿಕೊಳ್ಳುತ್ತದೆ. ಸೈನ್ಯದಲ್ಲಿದ್ದಾಗ ನಾನು ಇಂಥ ಕೆಲವು ಗೇರ್‌ಬಾಕ್ಸುಗಳನ್ನು ಬಿಚ್ಚಿ ಜೋಡಿಸಿದ್ದರಿಂದ ಆ ಕಾರು ನನ್ನಲ್ಲಿಗೆ ಬಂತು. ತಂದವನು ಅವರ ಡ್ರೈವರ್ ಮುನಿಯಪ್ಪ. ಜೀವಮಾನವೆಲ್ಲ ಅಂಬಾಸಿಡರ್ ಓಡಿಸಿದವನು. ಈ ಕಾರಿಗೆ ‘ಮಹಾರಾಣಿ’ ಎಂದು ಹೆಸರಿಟ್ಟಿದ್ದ.

“ಮಹಾರಾಣಿ ಕೂಗ್ತಾಳೆ ಸಾರ್, ಓಡಲ್ಲ” ಎಂದ. ಆಕ್ಸಲರೇಟರ್ ಒತ್ತಿದರೆ ಎಂಜಿನ್ ಸದ್ದು ಏರುತ್ತದೆ, ಕಾರು ಮಾತ್ರ ತಡೆದು ತಡೆದು ಚಲಿಸುತ್ತದೆ ಎಂಬುದು ಅದರ ಅರ್ಥ. ಇಂಥ ದೋಷಕ್ಕೆ ಮೊದಲು ನೋಡಬೇಕಾದ್ದು ಗೇರ್‌ಬಾಕ್ಸಿನ ಆಯಿಲ್. ಕಡಿಮೆಯಾಗಿತ್ತು. ಸೋರಿಕೆ ಎಲ್ಲೂ ಇಲ್ಲ. ಹಾಗಾದರೆ ಹೋಯಿತೆಲ್ಲಿಗೆ?

“ನಾನೇ ಇಳಿಸ್ದೆ ಸಾರ್. ಬೆಳಗ್ಗೆ ಎದ್ದು ಆಯಿಲ್ ಕಡ್ಡಿ ಎತ್ತಿ ನೋಡಿದ್ರೆ ಮಾರ್ಕಿಂದ ಮೇಲೈತೆ. ಜಾಸ್ತಿ ಆಗೈತೆ ಅಂತ ಒಂದಿಷ್ಟು ಬಿಟ್‌ಬುಟ್ಟೆ.”

ಅಂಬಾಸಿಡರಿನವರು ಮಾಡುವ ತಪ್ಪೇ ಇದು. ಅವರಿಗೆ ಆಯಿಲ್ ನೋಡುವುದೆಂದರೆ ಎಂಜಿನ್ ಆರಿಸಿ, ತಣ್ಣಗಾದ ಮೇಲೆ. ಆಟೋಮ್ಯಾಟಿಕ್ ಗೇರಿನಲ್ಲಿ ಹಾಗಲ್ಲ. ಗಾಡಿಯನ್ನು ಸ್ವಲ್ಪ ದೂರ ಓಡಿಸಿ ಬಿಸಿ ಮಾಡಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬ್ರೇಕ್ ಒತ್ತಿಕೊಂಡು ಲಿವರನ್ನು ಒಂದೊಂದು ಮನೆಗೂ ಆಡಿಸಿ, ಎಂಜಿನ್ ಓಡುತ್ತಿರುವಾಗಲೇ ಕಡ್ಡಿ ಎತ್ತಬೇಕು. ಎಂಜಿನ್ ಆರಿದಾಗ ಮೇಲಿನ ಆಯಿಲೆಲ್ಲ ಕೆಳಗಿನ ತಟ್ಟೆಗೆ ಇಳಿದುಬಂದು ಮಟ್ಟ ಹೆಚ್ಚಾದಂತೆ ತೋರಿಸುತ್ತದೆ. ಇದನ್ನು ಹೇಳಿದಾಗ ಮುನಿಯಪ್ಪ ಗಲ್ಲ ಕೆರೆದುಕೊಂಡ.

“ಅಂಗಾದ್ರೆ ಓಡುವಾಗ ಉಸಿರು ಮೇಲಕ್ಕೆ ಎಳ್ಕೊಂಡಿರ್ತಾಳೆ ಅನ್ನಿ.”

“ಹಾಗೇ ಅಂದುಕೋ. ಉಸಿರು ಎಳೆದುಕೊಂಡಿರುವಾಗ ನೋಡು.”

ಗೇರ್‌ಬಾಕ್ಸಿನ ತಟ್ಟೆ ಇಳಿಸಿ, ಸೋಸುವ ಜಾಲರಿ ತೊಳೆದು, ಹೊಸ ಕೆಂಪು ಆಯಿಲ್ ತುಂಬಿ, ಒಳಗಿನ ಉರುಳೆಯನ್ನು ಹಿಡಿಯುವ ಬ್ಯಾಂಡು ಬಿಗಿ ಮಾಡಿದೆ. ತಟ್ಟೆಯಲ್ಲಿ ಲೋಹದ ಪುಡಿಯಿರಲಿಲ್ಲ, ಸುಟ್ಟ ವಾಸನೆಯಿರಲಿಲ್ಲ. ಒಳಗಿನ ಕ್ಲಚ್ಚುಗಳು ಕ್ಷೇಮವಾಗಿವೆ ಎಂಬುದಕ್ಕೆ ಅದೇ ಗುರುತು. ಮಧ್ಯಾಹ್ನ ನನ್ನ ದಾರಿಯಲ್ಲಿ ಓಡಿಸಿ ನೋಡಿದೆ. ಗೇರು ಬದಲಾದದ್ದು ಕಿವಿಗೆ ತಿಳಿಯಬೇಕೇ ಹೊರತು ಮೈಗೆ ತಿಳಿಯದಷ್ಟು ನಯವಾಗಿ ಹೋಯಿತು. ಮನೆಯ ಮುಂದೆ, ಎಡಗಡೆಗೆ ಮುಖ ಮಾಡಿ ನಿಲ್ಲಿಸಿದೆ. ಗಾಡಿ ಯಾವಾಗಲೂ ಹೊರಡುವ ದಿಕ್ಕಿಗೆ ಮುಖ ಮಾಡಿ ನಿಂತಿರಬೇಕು ಎಂಬುದೂ ಸೈನ್ಯದ ಪಾಠವೇ.

ಅಂದು ಮಂಗಳವಾರ. ಪದ್ಮ ಬಸ್ಸಿನಲ್ಲೇ ಹೋಗಿ ದೀಪ ಹಚ್ಚಿ ಬಂದಿದ್ದಳು. ಆಟೋದವರು ಮುಷ್ಕರ ಹೂಡಿದ್ದರು. ನಮ್ಮ ಮಗಳು ವಸುಧಾ ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಅಳಿಯ ದಾವಣಗೆರೆಯಲ್ಲಿ ಕೆಲಸದಲ್ಲಿದ್ದ. ಡಾಕ್ಟರು ಹೇಳಿದ ದಿನಕ್ಕೆ ಇನ್ನೂ ಸಾಕಷ್ಟು ಸಮಯವಿತ್ತು. ಹೆಸರು ಬರೆಸಿದ್ದು ವಿಲ್ಸನ್ ಗಾರ್ಡನ್ನಿನ ಒಂದು ನರ್ಸಿಂಗ್ ಹೋಮಿನಲ್ಲಿ. ಅಲ್ಲಿಗೆ ಹೋಗುವ ದಾರಿಯನ್ನೂ ನಾನು ಒಮ್ಮೆ ಓಡಿಸಿ ನೋಡಿ ಇಟ್ಟುಕೊಂಡಿದ್ದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತು. ಅದಾದ ಸ್ವಲ್ಪ ಹೊತ್ತಿಗೆ ಪದ್ಮ ಶೆಡ್ಡಿನ ಬಾಗಿಲಿಗೆ ಬಂದಳು. ಅವಳು ಶೆಡ್ಡಿನೊಳಕ್ಕೆ ಕಾಲಿಡುವವಳೇ ಅಲ್ಲ.

“ರೀ, ನೋವು ಶುರುವಾಗಿದೆ. ರಕ್ತಾನೂ ಹೋಗ್ತಿದೆ. ಎದ್ದೇಳಿ.”

ಎದುರುಮನೆಯ ಫೋನು ಕೆಟ್ಟು ಕೂತಿತ್ತು. ಶೆಡ್ಡಿನಲ್ಲಿದ್ದ ಒಂದು ಕಾರಿನ ಎಂಜಿನ್ ಮೇಜಿನ ಮೇಲಿತ್ತು, ಇನ್ನೊಂದಕ್ಕೆ ಚಕ್ರಗಳೇ ಇರಲಿಲ್ಲ. ಓಡುವ ಸ್ಥಿತಿಯಲ್ಲಿದ್ದದ್ದು ಮಹಾರಾಣಿ ಒಂದೇ. ಅದನ್ನು ಒಯ್ಯಲು ಬಂದಿದ್ದ ಮುನಿಯಪ್ಪ ನಮ್ಮ ಕಟ್ಟೆಯ ಮೇಲೆ ಕಾಫಿ ಕುಡಿಯುತ್ತಿದ್ದ. ನಾನು ಕೇಳುವ ಮೊದಲೇ ಲೋಟ ಕೆಳಗಿಟ್ಟು ಬೀಗದ ಕೈ ಚಾಚಿದ. “ತಗೊಳ್ಳಿ ಸಾರ್. ನಮ್ ಸಾಹೇಬ್ರು ಏನೂ ಅನ್ನಲ್ಲ.”

ವಸುಧಾಳನ್ನು ಹಿಂದಿನ ಸೀಟಿನಲ್ಲಿ ಒರಗಿಸಿದೆವು. ಪದ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಎಂಜಿನ್ ಮೊದಲ ಸಲಕ್ಕೇ ಚಾಲೂ ಆಯಿತು. ಲಿವರನ್ನು ‘ಡಿ’ಗೆ ಎಳೆದು ಆಕ್ಸಲರೇಟರ್ ಒತ್ತಿದೆ. ಸದ್ದು ಏರಿತು. ಕಾರು ಅಲುಗಲಿಲ್ಲ.

ಓದುಗರು ಇಲ್ಲಿ ನನ್ನನ್ನು ನಂಬಬೇಕು. ಗಾಬರಿಯಲ್ಲಿ ನಾನು ಏನನ್ನಾದರೂ ಮರೆತಿರಬಹುದು ಎಂದು ಆಮೇಲೆ ಹಲವರು ಹೇಳಿದ್ದಾರೆ. ಗಾಬರಿಯಾದಾಗಲೂ ನನ್ನ ಕೈ ಕ್ರಮ ಬಿಡುವುದಿಲ್ಲ, ಅದಕ್ಕಾಗಿಯೇ ನಮ್ಮನ್ನು ತಯಾರು ಮಾಡಿದ್ದು. ಹ್ಯಾಂಡ್ ಬ್ರೇಕು ಬಿಟ್ಟಿತ್ತು. ಲಿವರನ್ನು ಎಲ್ಲ ಮನೆಗಳಿಗೂ ಆಡಿಸಿದೆ. ಏರು ಹತ್ತಲೆಂದು ಇರುವ ಕೆಳಗಿನ ಗೇರುಗಳನ್ನೂ ಹಾಕಿದೆ. ಇಲ್ಲ. ಎಂಜಿನ್ ಓಡುತ್ತಿರುವಾಗಲೇ ಇಳಿದು ಟಾರ್ಚ್ ಹಿಡಿದು ಕಡ್ಡಿ ಎತ್ತಿದೆ. ಆಯಿಲ್ ಮಾರ್ಕಿಗೆ ಸರಿಯಾಗಿತ್ತು, ಕೆಂಪಗೆ, ಶುದ್ಧವಾಗಿ. ಮಲಗಿ ಕೆಳಗೆ ನೋಡಿದೆ. ಸೋರಿಕೆ ಇಲ್ಲ. ಲಿವರಿನಿಂದ ಗೇರ್‌ಬಾಕ್ಸಿಗೆ ಹೋಗುವ ಸರಳು ತನ್ನ ಜಾಗದಲ್ಲೇ ಇತ್ತು. ಮತ್ತೆ ಕೂತು ‘ಡಿ’ಗೆ ಹಾಕಿದೆ. ಗಾಡಿ ನೆಲಕ್ಕೆ ಬೇರು ಬಿಟ್ಟಂತೆ ನಿಂತಿತು.

ಕೊನೆಗೆ ‘ಆರ್’ಗೆ ಎಳೆದೆ. ಕಾರು ಒಂದು ಸಣ್ಣ ಜಗ್ಗು ಜಗ್ಗಿ ಹಿಂದಕ್ಕೆ ಸರಿಯಿತು.

“ಮಹಾರಾಣಿಗೆ ಮುಂದಕ್ಕೋಗೋ ಮನಸಿಲ್ಲ ಸಾರ್” ಎಂದ ಮುನಿಯಪ್ಪ ಕಿಟಕಿಯಲ್ಲಿ ಬಗ್ಗಿ. “ಹಿಂದಕ್ಕೇ ಬಿಡಿ. ಬನಶಂಕರಿ ಮೈನ್ ರೋಡಲ್ಲಿ ಬಸ್ಸೋ ಲಾರೀನೋ ಸಿಗ್ತದೆ.”

“ಹೆರಿಗೆಗೆ ಹೊರಟೋರು ಹಿಂದುಹಿಂದಕ್ಕೆ ಹೋಗೋದೇನ್ರೀ!” ಎಂದಳು ಪದ್ಮ.

ವಸುಧಾ ಹಲ್ಲು ಕಚ್ಚಿಕೊಂಡೇ ಹೇಳಿದಳು: “ಅಮ್ಮಾ, ಸುಮ್ನಿರು. ಅಪ್ಪಾ, ಯಾವ ಕಡೆಗಾದ್ರೂ ಸರಿ, ಹೊರಡಪ್ಪಾ.”

ಹೊರಟೆ. ಮುನಿಯಪ್ಪ ಟಾರ್ಚ್ ಬೀಸುತ್ತ ಕಾರಿನ ಹಿಂಭಾಗದಿಂದ ಸ್ವಲ್ಪ ದೂರದಲ್ಲಿ ಓಡತೊಡಗಿದ. “ಸರೀರಿ, ಸರೀರಿ! ಗಾಡಿ ರಿವರ್ಸಲ್ಲಿ ಬರ್ತೈತೆ! ಏನ್ ನೋಡ್ತೀಯಮ್ಮ, ಹಸ ಹಿಡ್ಕೋ!” ಕರೆಂಟಿಲ್ಲದ ರಸ್ತೆಯಲ್ಲಿ ಜನ ಗೇಟುಗಳಿಗೆ ಬಂದು ನಿಂತು ನೋಡಿದರು. ಒಬ್ಬಾತ ಸೈಕಲ್ಲಿನಿಂದ ಇಳಿದು, “ಏನ್ ಗುರೂ, ಗಾಡಿ ತಿರುಗಿಸೋಕೆ ಬರಲ್ವಾ?” ಎಂದ. ಮುನಿಯಪ್ಪ ಅವನಿಗೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲಾರೆ.

ಈಗ ನಾನು ಹೇಳುವುದನ್ನು ದಯವಿಟ್ಟು ಗಮನಿಸಿ. ಕಾರನ್ನು ಮುಂದಕ್ಕೆ ಓಡಿಸುವವನು ರಸ್ತೆ ನೋಡುತ್ತಾನೆ. ಹಿಂದಕ್ಕೆ ಓಡಿಸುವವನು ಮೈ ತಿರುಚಿ, ತೋಳನ್ನು ಸೀಟಿನ ಮೇಲೆ ಚಾಚಿ, ಹಿಂದಿನ ಗಾಜಿನೊಳಗಿಂದ ನೋಡಬೇಕು. ಆ ಗಾಜಿನ ಕೆಳಗೇ ನನ್ನ ಮಗಳ ಮುಖವಿತ್ತು. ಮನೆಯ ಮುಂದೆ ಅವಳ ಮುಖ ನೋವಿನಿಂದ ಕೆಂಪಾಗಿತ್ತು. ಎರಡು ಮೂರು ಅಡ್ಡರಸ್ತೆ ದಾಟುವಷ್ಟರಲ್ಲಿ ಟಾರ್ಚಿನ ಬೆಳಕು ಹಾದಾಗ ನೋಡಿದರೆ ತುಟಿಗಳು ಬಣ್ಣವಿಲ್ಲದೆ ಬಿಳಿಚಿದ್ದವು. ಸೈನ್ಯದಲ್ಲಿ, ರಕ್ತ ಹರಿದುಹೋದವರಲ್ಲಿ, ಅಂಥ ತುಟಿಗಳನ್ನು ನಾನು ನೋಡಿದ್ದೆ. ಪದ್ಮ ಸೆರಗಿನಿಂದ ಅವಳ ಹಣೆ ಒರೆಸುತ್ತಿದ್ದಳು, ಕತ್ತಲಲ್ಲಿ ಪದ್ಮಳಿಗೆ ತುಟಿಯ ಬಣ್ಣ ಕಂಡಿರಲಿಲ್ಲ. ಮುಖ್ಯರಸ್ತೆ, ಬಸ್ಸು, ಲಾರಿ, ಇದಕ್ಕೆಲ್ಲ ಹೊತ್ತಿಲ್ಲ ಎಂದು ನನಗೆ ಅರ್ಥವಾಯಿತು. ಎಲ್ಲಾದರೂ ದೀಪ ಕಂಡರೆ ನಿಲ್ಲಿಸಿ ಸಹಾಯ ಕೇಳುವುದೆಂದು ತೀರ್ಮಾನಿಸಿದೆ.

ರಿವರ್ಸ್ ಗೇರಿನಲ್ಲಿ ಹಿಂಬದಿಯ ಬಿಳಿ ದೀಪಗಳು ಉರಿಯುತ್ತವೆಯಲ್ಲ, ಅವುಗಳ ಬೆಳಕು ಒಂದು ಕಾಂಪೌಂಡಿನ ಮೇಲೆ ಬಿತ್ತು. ಗೇಟಿನ ಪಕ್ಕದಲ್ಲಿ ಇನ್ನೂ ಬಣ್ಣ ಹೊಸದಾಗಿದ್ದ ಸಣ್ಣ ಬೋರ್ಡು. ‘ಹೆರಿಗೆ ಆಸ್ಪತ್ರೆ’ ಎಂದಿತ್ತು. ಒಳಗೆ ಪೆಟ್ರೋಮ್ಯಾಕ್ಸ್ ಉರಿಯುತ್ತಿತ್ತು.

ಬಾಗಿಲಿಗೆ ಬಂದ ಡಾಕ್ಟರಮ್ಮನಿಗೆ ಅರವತ್ತರ ಆಸುಪಾಸು. ಸೆರಗು ಸಿಕ್ಕಿಸಿಕೊಂಡೇ ಬಂದರು. ನಾನು ಕಾರಿನ ಕತೆ ಹೇಳತೊಡಗಿದೆ. “ಗಾಡಿ ಆಮೇಲೆ ತಿರುಗಿಸ್ಕೊಳ್ಳಿ, ಮೊದ್ಲು ಹುಡುಗೀನ ಒಳಗೆ ತನ್ನಿ” ಎಂದರು. ಅದೇ ಅವರು ಅಂದು ನನ್ನೊಡನೆ ಆಡಿದ ಮೊದಲ ಮಾತು. ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾಗಿ, ಮನೆಯ ಮುಂದಿನ ಕೋಣೆಗಳಲ್ಲಿ ಆಸ್ಪತ್ರೆ ತೆರೆದು ಆಗಿನ್ನೂ ಒಂದು ವಾರ ಕಳೆದಿರಲಿಲ್ಲ. ನನ್ನ ಮಗಳದೇ ಅಲ್ಲಿಯ ಮೊದಲ ಹೆರಿಗೆ.

ನಾನು ಮತ್ತು ಮುನಿಯಪ್ಪ ವರಾಂಡದಲ್ಲಿ ಕೂತೆವು. ಮಗುವಿನ ಅಳು ಬೇಗನೆ ಕೇಳಿಸಿತು. ಮುನಿಯಪ್ಪ ಎದ್ದು ನಿಂತು ಕೈ ಮುಗಿದ. ಆದರೆ ಒಳಗಿನಿಂದ ಯಾರೂ ಬರಲಿಲ್ಲ. ಪಾತ್ರೆಯ ಸದ್ದು, ಡಾಕ್ಟರಮ್ಮ ನರ್ಸಿಗೆ ಗದರುವ ಸದ್ದು, ಅಷ್ಟೇ. ಅಲ್ಲಿ ನನಗೆ ಮಾಡಲು ಕೆಲಸವೇನೂ ಇರಲಿಲ್ಲ. ಕೆಲಸವಿಲ್ಲದೆ ಕೂತು ನನಗೆ ಅಭ್ಯಾಸವಿಲ್ಲ.

ಡಾಕ್ಟರಮ್ಮ ಹೊರಗೆ ಬಂದಾಗ ಅವರ ಕೈ ಇನ್ನೂ ಒದ್ದೆಯಾಗಿತ್ತು. “ಹೆಣ್ಣು ಮಗು. ಗಟ್ಟಿಯಾಗಿದೆ. ಹೆರಿಗೆ ಆದ್ಮೇಲೆ ರಕ್ತ ನಿಲ್ಲಲಿಲ್ಲ. ಈಗ ನಿಂತಿದೆ.” ಕೈ ಒರೆಸಿಕೊಳ್ಳುತ್ತ ಕೇಳಿದರು: “ಎಲ್ಲಿಗೆ ಹೊರಟಿದ್ರಿ?”

“ವಿಲ್ಸನ್ ಗಾರ್ಡನ್‌ಗೆ.”

“ಅಲ್ಲೀತನಕ ಹೋಗಿದ್ರೆ ಮಗು ದಾರೀಲೇ ಹುಟ್ತಿತ್ತು, ಉಳೀತಾನೂ ಇತ್ತೇನೋ. ನಿಮ್ಮ ಮಗಳು ಉಳೀತಿರಲಿಲ್ಲ.”

ಮುನಿಯಪ್ಪ ಮೆಟ್ಟಿಲಿಳಿದು ಹೋಗಿ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತ.

ಬೆಳಗ್ಗೆ ಮಗಳ ಮುಖದಲ್ಲಿ ಬಣ್ಣ ಬಂದದ್ದನ್ನು ನೋಡಿದ ಮೇಲೆಯೇ ನಾನು ಕಾರಿನ ಹತ್ತಿರ ಹೋದದ್ದು. ಹಗ್ಗ ಕಟ್ಟಿ ಎಳೆಸಿಕೊಂಡು ಹೋಗಬೇಕೆಂದಿದ್ದೆ. ಎಂಜಿನ್ ಚಾಲೂ ಮಾಡಿದೆ. ಅಭ್ಯಾಸಬಲದಿಂದ ಕೈ ಲಿವರನ್ನು ‘ಡಿ’ಗೆ ಎಳೆಯಿತು. ಕಾರು ಸದ್ದಿಲ್ಲದೆ ಮುಂದಕ್ಕೆ ಹೊರಟಿತು.

ಬ್ರೇಕ್ ಒತ್ತಿ ನಿಲ್ಲಿಸಿದೆ. ಮತ್ತೆ ಹಾಕಿದೆ, ಮತ್ತೆ ನಿಲ್ಲಿಸಿದೆ. ಒಂದು ಸಲವೂ ತಪ್ಪಲಿಲ್ಲ. ಮನೆಯ ತನಕ ಓಡಿಸಿಕೊಂಡು ಬಂದೆ.

ಮಾಲೀಕರ ಮನೆಗೆ ಹೋಗಿ ನಡೆದದ್ದೆಲ್ಲ ಹೇಳಿ, ಗೇರ್‌ಬಾಕ್ಸ್ ಬಿಚ್ಚಲು ಅನುಮತಿ ಕೇಳಿದೆ. “ಓಡ್ತಿರೋದನ್ನ ಯಾಕ್ರೀ ಬಿಚ್ತೀರಾ? ಬಾಣಂತಿ ಚೆನ್ನಾಗಿದ್ದಾಳೆ ತಾನೇ, ಬಿಡಿ ಅತ್ಲಾಗೆ” ಎಂದು ನಕ್ಕರು. ನಾನು ಬಿಡಲಿಲ್ಲ. ಕೊನೆಗೆ ಒಪ್ಪಿದರು. ತಮ್ಮ ಕಾರನ್ನು ಕೇಳದೆ ಒಯ್ದವನಿಗೆ ಅದನ್ನು ಬಿಚ್ಚಲೂ ಕೊಟ್ಟ ದೊಡ್ಡ ಮನಸ್ಸು ಅವರದು.

ಎಲ್ಲ ಮುಂದಿನ ಗೇರುಗಳೂ ಹೋಗಿ ರಿವರ್ಸ್ ಒಂದೇ ಉಳಿದಿದೆ ಎಂದರೆ, ಮುಂದಕ್ಕೆ ಎಳೆಯುವ ಕ್ಲಚ್ಚಿನಲ್ಲಿ ದೋಷ ಎಂದು ಅರ್ಥ. ಅದರ ರಬ್ಬರ್ ಸೀಲು ಹರಿದು ಆಯಿಲಿನ ಒತ್ತಡ ನಿಲ್ಲದಿದ್ದರೆ ಹೀಗಾಗುತ್ತದೆ. ಆದರೆ ಹರಿದ ಸೀಲು ತಾನಾಗಿ ಕೂಡಿಕೊಳ್ಳುವುದಿಲ್ಲ. ಬಿಚ್ಚಿ ನೋಡಿದರೆ ಸೀಲು ಇಡಿಯಾಗಿ, ಮೆತ್ತಗೆ ಇತ್ತು. ಕ್ಲಚ್ಚಿನ ಬಿಲ್ಲೆಗಳು ಸವೆದಿರಲಿಲ್ಲ. ಗಾಳಿಯ ಒತ್ತಡ ಕೊಟ್ಟು ಪರೀಕ್ಷಿಸಿದೆ, ಕ್ಲಚ್ಚು ಟಪ್ಪೆಂದು ಕೂತಿತು. ಆಯಿಲಿಗೆ ದಾರಿ ತೋರುವ ವಾಲ್ವುಗಳನ್ನು ಒಂದೊಂದಾಗಿ ತೆಗೆದು ಬಿಳಿ ಬಟ್ಟೆಯ ಮೇಲಿಟ್ಟು ನೋಡಿದೆ. ಯಾವುದರ ಮೇಲೂ ಗೀರಿರಲಿಲ್ಲ, ಬಟ್ಟೆಯ ಮೇಲೆ ಕಸ ಉಳಿಯಲಿಲ್ಲ.

ನನಗಿಂತ ಹೆಚ್ಚು ತಿಳಿದಿದ್ದ ಸೈನ್ಯದ ಗೆಳೆಯನೊಬ್ಬನಿದ್ದ. ಅವನನ್ನು ಕರೆಸಿ ತೋರಿಸಿದೆ. ಎಲ್ಲೋ ಕಸದ ಚೂರು ಸಿಕ್ಕಿ ವಾಲ್ವು ಕಚ್ಚಿಕೊಂಡಿತ್ತು, ರಿವರ್ಸಿನಲ್ಲಿ ಬಂದಾಗ ಬಿಟ್ಟುಕೊಂಡಿತು ಎಂದ. ಆಗಬಹುದು. ಆಗುವುದಿಲ್ಲ ಎಂದು ನಾನು ಆಣೆಯಿಟ್ಟು ಹೇಳಲಾರೆ. ಆದರೆ ಆ ಮಧ್ಯಾಹ್ನವೇ ನಾನು ಜಾಲರಿ ತೊಳೆದು ಹೊಸ ಆಯಿಲ್ ತುಂಬಿದ್ದೆ. ಕಚ್ಚಿಕೊಂಡ ವಾಲ್ವು ಒಂದು ಸಣ್ಣ ಗುರುತನ್ನಾದರೂ ಉಳಿಸಬೇಕಿತ್ತು. “ನಿನಗೆ ನಿಜವಾಗಿ ಹಾಗನ್ನಿಸುತ್ತದೆಯೇ?” ಎಂದು ಕೇಳಿದೆ. ಅವನು ವಾಲ್ವನ್ನು ಬೆಳಕಿಗೆ ಹಿಡಿದು ನೋಡಿ, ಬಟ್ಟೆಯ ಮೇಲೆ ವಾಪಸ್ಸಿಟ್ಟು, ಕಾಫಿ ಕೇಳಿದ.

ಆ ಕಾರು ಆಮೇಲೆ ವರ್ಷಗಟ್ಟಲೆ ಓಡಿತು. ಆ ದೋಷ ಮತ್ತೆ ಬರಲೇ ಇಲ್ಲ. ಮುನಿಯಪ್ಪ ಬಂದಾಗಲೆಲ್ಲ ಅವನಿಗೆ ನಮ್ಮ ಮನೆಯಲ್ಲಿ ಕಾಫಿಯ ಜೊತೆ ತಿಂಡಿಯೂ ಆಗಬೇಕಿತ್ತು, ಅದು ಪದ್ಮಳ ಆಜ್ಞೆ. ಡಾಕ್ಟರಮ್ಮನ ಪುಟ್ಟ ಕಾರನ್ನು, ಅವರು ಕಾರು ಓಡಿಸುವುದನ್ನು ಬಿಡುವ ತನಕ, ನಾನೇ ನೋಡಿಕೊಂಡೆ. ನಮ್ಮ ಶೆಡ್ಡಿನಲ್ಲಿ ಸರತಿ ಕಾಯದಿದ್ದ ಕಾರು ಅದೊಂದೇ. ಹೀಗೆ ಮನುಷ್ಯರಿಗೆ ಸಲ್ಲಿಸಬೇಕಾದ ಕೃತಜ್ಞತೆಯನ್ನು ಕೈಲಾದಷ್ಟು ಸಲ್ಲಿಸಿದೆ. ಉಳಿದದ್ದನ್ನು ಯಾರಿಗೆ ಸಲ್ಲಿಸಬೇಕು ಎಂಬುದು ನನಗೆ ತಿಳಿಯಲಿಲ್ಲ.

ಪದ್ಮಳಿಗೆ ಅಂಥ ತೊಂದರೆಯಿಲ್ಲ. “ಕಾರು ಅಮ್ಮನ ಕಡೆಗೆ ಹೋಯ್ತು, ಅಷ್ಟೇ. ಅದರಲ್ಲಿ ಬಿಚ್ಚಿ ನೋಡೋದೇನಿದೆ?” ಎನ್ನುತ್ತಾಳೆ. ನಾನು ವಾದಿಸುವುದಿಲ್ಲ, ಒಪ್ಪುವುದೂ ಇಲ್ಲ. ಇಂದಿಗೂ ಮಂಗಳವಾರ ಅವಳನ್ನು ಕರೆದುಕೊಂಡು ಹೋಗಿ ಹೂವಿನಂಗಡಿಯ ಹತ್ತಿರವೇ ನಿಲ್ಲುತ್ತೇನೆ. ಒಳಗೆ ಹೋಗುವುದಿಲ್ಲ. ಆದರೆ ಆ ವರ್ಷದಿಂದ, ಹೊರಗೆ ನಿಂತಾಗಲೂ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು ನಿಲ್ಲುತ್ತೇನೆ.

ಅಂದು ಹುಟ್ಟಿದ ಮೊಮ್ಮಗಳು ಈಗ ತನ್ನದೇ ಕಾರು ಓಡಿಸುತ್ತಾಳೆ. ಅದೂ ಆಟೋಮ್ಯಾಟಿಕ್ಕೇ. ಈಗ ಅದೇನೂ ವಿಶೇಷವಲ್ಲ. ಮೊನ್ನೆ ನನ್ನನ್ನು ಕೂರಿಸಿಕೊಂಡು ಗೇಟಿನಿಂದ ಬಲಕ್ಕೆ ತಿರುಗಿ, ಆ ಡಾಕ್ಟರಮ್ಮನ ಮನೆಯಿದ್ದ ಜಾಗದ ಮುಂದೆ ಹಾದುಹೋಗುವಾಗ ವೇಗ ತಗ್ಗಿಸಿದಳು. ಅಲ್ಲೀಗ ಎತ್ತರದ ಫ್ಲ್ಯಾಟುಗಳಿವೆ.

“ನಿಜ ಹೇಳು ತಾತ. ಅವತ್ತು ಗಾಡಿಗೆ ಏನಾಗಿತ್ತು?”

ಹಿಂದಿನ ಸೀಟಿನಲ್ಲಿ ಅವಳ ತಾಯಿ, ನನ್ನ ವಸುಧಾ, ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದಳು. ನಾನು ಮೈ ತಿರುಚಿ, ತೋಳನ್ನು ಸೀಟಿನ ಮೇಲೆ ಚಾಚಿ, ಅವಳ ಮುಖ ನೋಡಿದೆ. ಆಮೇಲೆ, ನನ್ನ ಶೆಡ್ಡಿನಲ್ಲಿ ಯಾರಿಗೂ ಆಡಲು ಬಿಡದಿದ್ದ ಮಾತನ್ನು ಮೊಮ್ಮಗಳಿಗೆ ಹೇಳಿದೆ.

“ಗೊತ್ತಿಲ್ಲ, ಪುಟ್ಟಿ.”